ಚಾ ಮಂಡಕ್ಕಿ ನಿಮ್ದು

ಮೆಕ್ಕೆಜೋಳದ ತೆನೆ ಮುರಿಯುವ ಗುತ್ತಿಗೆಯ ಮಾತು ಹರಪನಹಳ್ಳಿ ಕಡೆ ನಡೆಯುವುದು ಬಹುತೇಕ ಸಂಜೆ ಹೊತ್ತು, ಮೇಸ್ತ್ರಿಯ ಮನೆಯ ಕಟ್ಟೆಯ ಮೇಲೆ. ಎಕರೆಗೆ ಇಷ್ಟು ಎಂದು ಹೊಲದವರು, ಅಷ್ಟಕ್ಕೆ ಗಿಟ್ಟುವುದಿಲ್ಲ ಎಂದು ಮೇಸ್ತ್ರಿ. ಹೊಲ ಎಷ್ಟು ದೂರ, ದಂಟು ನಿಂತಿದೆಯೋ ಗಾಳಿಗೆ ಮಲಗಿದೆಯೋ, ಆಟೋ ಬಾಡಿಗೆ ಯಾರ ತಲೆಗೆ, ಎಲ್ಲ ತೀರಬೇಕು. ತೀರಿದ ಮೇಲೆ ಎಲೆಗೆ ಸುಣ್ಣ ಸವರುತ್ತ ಮೇಸ್ತ್ರಿ ಕೊನೆಯದೊಂದು ಮಾತು ಹಾಕುತ್ತಾಳೆ: "ಚಾ ಮಂಡಕ್ಕಿ ನಿಮ್ದು ಮತ್ತ, ಯಣ್ಣ." ಹೊಲದವನು ತಲೆಯಾಡಿಸುತ್ತಾನೆ. ಇದಕ್ಕೆ ಚೌಕಾಸಿ ಇಲ್ಲ.

ರೊಕ್ಕದ ಲೆಕ್ಕ ಅಲ್ಲಿಗೆ ಮುಗಿಯಿತು, ರುಚಿಯ ಲೆಕ್ಕ ಅಲ್ಲಿಂದ ಶುರು. ಚಾ ಎಂದರೆ ಎಂಥ ಚಾ, ಮಂಡಕ್ಕಿ ಎಂದರೆ ಬರೀ ಖಾರ ಕಲಸಿದ್ದೋ ಒಗ್ಗರಣೆ ಹಾಕಿದ್ದೋ, ಪಕ್ಕದಲ್ಲಿ ಮಿರ್ಚಿ ಇರುತ್ತದೋ ಇಲ್ಲವೋ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದು ಹೊಲದ ಮನೆಯ ಮರ್ಯಾದೆಗೆ ಬಿಟ್ಟದ್ದು. ಕೇಳದಿದ್ದರೂ ಅಳೆಯುತ್ತಾರೆ. ಒಂದು ಹಂಗಾಮಿನಲ್ಲಿ ಹತ್ತಾರು ಹೊಲ ತಿರುಗುವ ಗುತ್ತಿಗೆ ಗುಂಪಿನ ಹೆಣ್ಣುಮಕ್ಕಳು ಹತ್ತಾರು ಮನೆಯ ಚಾ ಕುಡಿದವರು, ಹತ್ತಾರು ಮನೆಯ ಚಟ್ನಿ ನೆಕ್ಕಿದವರು. ಯಾರ ಮಜ್ಜಿಗೆಯಲ್ಲಿ ನೀರು ಹೆಚ್ಚು, ಯಾರ ಶೇಂಗಾ ಪುಡಿಯಲ್ಲಿ ಬೆಳ್ಳುಳ್ಳಿ ಜಾಸ್ತಿ, ಯಾರ ಮನೆಯಾಕೆ ಸಕ್ಕರೆ ಹಾಕುವಾಗ ಕೈ ಹಿಡಿಯುತ್ತಾಳೆ ಎಂಬುದೆಲ್ಲ ಇವರ ನಾಲಿಗೆಯ ಮೇಲೆ ದಾಖಲಾಗಿರುತ್ತದೆ. ಈ ಸೀಮೆಯ ಅಡುಗೆಯ ನಿಜವಾದ ರಸಿಕರು ಯಾರು ಎಂದು ಯಾರಾದರೂ ಕೇಳಿದರೆ ನಾನು ಜಾತ್ರೆಯ ಹೋಟೆಲುಗಳ ಕಡೆ ಕೈ ತೋರಿಸುವುದಿಲ್ಲ, ಬೆಳಿಗ್ಗೆ ಎಂಟಕ್ಕೆ ಲಗೇಜ್ ಆಟೋದಲ್ಲಿ ನಿಂತು ಹೋಗುವ ಈ ಗುತ್ತಿಗೆಯವರ ಕಡೆ ತೋರಿಸುತ್ತೇನೆ. ಅವರ ತೀರ್ಪಿಗೆ ಬೆಲೆಯೂ ಇದೆ. ಅಕ್ಟೋಬರ್, ನವೆಂಬರಿನಲ್ಲಿ ಎಲ್ಲರ ಮೆಕ್ಕೆಜೋಳವೂ ಒಂದೇ ಸಲ ಒಣಗಿ ನಿಂತು ಆಳು ಸಿಗದಂತಾದಾಗ, ಚಾ ಚೆನ್ನಾಗಿರುವ ಹೊಲಕ್ಕೆ ಗುಂಪು ಮೊದಲು ಇಳಿಯುತ್ತದೆ. ಕೈಹಿಡಿದು ಸಕ್ಕರೆ ಹಾಕುವ ಮನೆಯವರಿಗೆ "ನಾಳೆ ನೋಡೋಣ ತಗೋರಿ" ಎಂಬ ಉತ್ತರ ಸಿಗುತ್ತದೆ.

ಈ ಸೀಮೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ 2021ರಲ್ಲಿ ಹುಟ್ಟಿದ್ದು. ಅದಕ್ಕೆ ಮುಂಚೆ ಎಲ್ಲವೂ ಬಳ್ಳಾರಿಯವು. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆಗೆ ಹೋಗಿ ಇಪ್ಪತ್ತು ವರ್ಷದ ಮೇಲೆ ವಾಪಸು ಬಂತು. ಇನ್ನೂ ಹಿಂದಕ್ಕೆ ಹೋದರೆ 1953ರ ಅಕ್ಟೋಬರ್ 1ರ ತನಕ ಇದೆಲ್ಲ ಮದ್ರಾಸಿನ ಆಳ್ವಿಕೆ. ನಾಲಿಗೆಗೆ ಈ ಗಡಿಗಳ ಹಂಗಿಲ್ಲ, ಆದರೆ ಸುತ್ತಲಿನ ಸೀಮೆಗಳ ಹಂಗು ಇದೆ. ಕೂಡ್ಲಿಗಿಯ ದಕ್ಷಿಣಕ್ಕೆ ಮೊಳಕಾಲ್ಮೂರು, ಜಗಳೂರು. ಅಲ್ಲಿಂದ ರಾಗಿ ಮುದ್ದೆ ಹತ್ತಿ ಬಂದಿದೆ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ, ರಾಣೆಬೆನ್ನೂರು. ಆ ಕಡೆಯಿಂದ ಜೋಳದ ರೊಟ್ಟಿ, ಗುರೆಳ್ಳು ಪುಡಿ. ಪೂರ್ವದಿಂದ ಆಂಧ್ರದ ಖಾರ. ಹೀಗಾಗಿ ಒಂದೇ ಗುತ್ತಿಗೆ ಗುಂಪಿನಲ್ಲಿ ಮುದ್ದೆ ತಂದವಳೂ ರೊಟ್ಟಿ ತಂದವಳೂ ಒಂದೇ ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಇಬ್ಬರ ನಡುವೆ ಇರುವುದು ಹೊಲದ ಮನೆಯಿಂದ ಬಂದ ಸಾರಿನ ಪಾತ್ರೆ. ಆ ಸಾರು ಎರಡಕ್ಕೂ ಹೊಂದಬೇಕು. ಮುದ್ದೆಗೆ ತೆಳ್ಳಗಿರಬೇಕು, ರೊಟ್ಟಿಗೆ ಗಟ್ಟಿ ಇರಬೇಕು. ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಒಣಪಲ್ಯ ಮಾಡಿ ಎರಡನ್ನೂ ತರುವ ಹೆಂಗಸು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಬಿಟ್ಟಿದ್ದಾಳೆ.

ಮೊದಲ ಮರ್ಯಾದೆ ನೀರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ನೀರನ್ನು ಉಪಚಾರ ಎಂದು ಕರೆಯಬೇಕಾಗುತ್ತದೆ. ಕೂಡ್ಲಿಗಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಆಳುಗಳು ಹೊಲಕ್ಕೆ ಇಳಿಯುವ ಮುಂಚೆ ಕೇಳುವ ಮೊದಲ ಪ್ರಶ್ನೆ "ನೀರು ಬೋರಿಂದೋ ಫಿಲ್ಟರಿಂದೋ?" ಮನೆಯವರು ಹಿಂದಿನ ರಾತ್ರಿಯೇ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ, ಬೆಳಿಗ್ಗೆ ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಬೈಕಿನ ಮೇಲೆ ಹೊತ್ತು ತಂದು ಮರದ ಬುಡದಲ್ಲಿ ಇಡುತ್ತಾರೆ. ಗೋಣಿ ಒಣಗಿದಾಗೆಲ್ಲ ಒಂದು ಚೊಂಬು ನೀರು ಚಿಮುಕಿಸಬೇಕು. ಹನ್ನೊಂದರ ಹೊತ್ತಿಗೆ ಆ ನೀರು ಫ್ರಿಜ್ಜಿನ ನೀರಿನಂತೆ ಹಲ್ಲು ಜುಮ್ಮೆನಿಸುವುದಿಲ್ಲ, ಗಂಟಲಿನಿಂದ ಎದೆಯವರೆಗೆ ತಂಪು ಇಳಿದದ್ದು ಮಾತ್ರ ತಿಳಿಯುತ್ತದೆ. ಗೋಣಿಯ ವಾಸನೆ ಸ್ವಲ್ಪ ಇರುತ್ತದೆ, ನನಗೆ ಅದೂ ಇಷ್ಟ. ಕೆಲವು ಮನೆಗಳಲ್ಲಿ ಈಗಲೂ ಮಣ್ಣಿನ ಬಿಂದಿಗೆ ಬರುತ್ತದೆ. ಜೊತೆಗೆ ಒಂದು ಅಚ್ಚು ಬೆಲ್ಲ ಇದ್ದರೆ ಅದು ಹಳೆಯ ಮನೆತನ ಎಂದು ಲೆಕ್ಕ.

ಇನ್ನು ಚಾ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊಲದ ಚಾದಲ್ಲಿ ಎರಡು ಬಗೆ. ಒಂದು ಮನೆಯಲ್ಲಿ ಕಾಸಿ ಸ್ಟೀಲಿನ ಕ್ಯಾನಿನಲ್ಲಿ ತಂದದ್ದು. ಅದು ದಾರಿಯಲ್ಲಿ ಕುಲುಕಿ ಕುಲುಕಿ ಕೆನೆಗಟ್ಟಿ, ಹೊಲ ಮುಟ್ಟುವ ಹೊತ್ತಿಗೆ ಕಂದು ಬಣ್ಣ ಗಾಢವಾಗಿ, ಒಗರು ಸ್ವಲ್ಪ ಮುಂದಾಗಿರುತ್ತದೆ. ಇನ್ನೊಂದು ಬದುವಿನ ಮೇಲೆ ಮೂರು ಕಲ್ಲು ಹೂಡಿ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಉರಿಸಿ, ಅಲ್ಲೇ ಕಾಸಿದ್ದು. ಬೆಂಡು ಕಟ್ಟಿಗೆಯ ಹಾಗೆ ಉರಿಯುವುದಿಲ್ಲ. ಹತ್ತಿಕೊಳ್ಳಲು ತಡ, ಹತ್ತಿದರೆ ಒಮ್ಮೆಗೇ ಜೋರು, ಆಮೇಲೆ ಕೆಂಡವಾಗಿ ಬಹಳ ಹೊತ್ತು. ಆ ಕೆಂಡದ ಹೊತ್ತಿನಲ್ಲಿ ಎಮ್ಮೆಯ ಹಾಲು ಹಾಕಿ, ಶುಂಠಿ ಜಜ್ಜಿ ಹಾಕಿ, ಸಕ್ಕರೆಯನ್ನು ಹಿಡಿಗಟ್ಟಲೆ ಸುರಿದು ಬಿಟ್ಟರೆ ಚಾ ತನ್ನಷ್ಟಕ್ಕೆ ತಾನು ಹದಕ್ಕೆ ಬರುತ್ತದೆ. ಸವಳು ನೀರಾದರೆ ಹಾಲು ಒಡೆಯುವ ಭಯ. ಅದಕ್ಕೇ ಚಾಕ್ಕೂ ಕ್ಯಾನಿನ ಸಿಹಿನೀರೇ ಬೇಕು. ಪಟ್ಟಣದಿಂದ ಬಂದವರು ಈ ಚಾಕ್ಕೆ ಮೂಗು ಮುರಿಯುವುದನ್ನು ನೋಡಿದ್ದೇನೆ, ಸಕ್ಕರೆ ಹೆಚ್ಚಾಯಿತು ಎಂದು. ಬೆಳಗಿನಿಂದ ಮೂರು ಸಾಲು ತೆನೆ ಮುರಿದು ಮೈಯೆಲ್ಲ ನವೆಯಾಗಿ ಕೂತವರಿಗೆ ಅದು ಹೆಚ್ಚಲ್ಲ. ಇಲ್ಲಿ ಸಿಹಿಗೆ ಬೆವರೇ ಅಳತೆ.

ಚಾದ ಜೊತೆಗೆ ಮಂಡಕ್ಕಿ. ಹೊಸಪೇಟೆ ಕಡೆಗೆ ಸರಿದರೆ ಇದೇ ಮಂಡಾಳು, ಬಳ್ಳಾರಿ ಕಡೆಗೆ ಸರಿದು ಒಗ್ಗರಣೆ ಬಿದ್ದರೆ ವಗ್ಗಾಣಿ. ಹರಪನಹಳ್ಳಿ, ಕೊಟ್ಟೂರಿಗೆ ಬರುವ ಚೀಲಗಳಲ್ಲಿ ದಾವಣಗೆರೆಯ ಭಟ್ಟಿಗಳದೂ ಉಂಟು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಒಗೆದಾಗ ಅರಳುವ ಕಾಳು. ಹಗುರ ಎಂದು ಉದಾಸೀನ ಮಾಡುವಂತಿಲ್ಲ. ಒಳ್ಳೆಯ ಮಂಡಕ್ಕಿಯನ್ನು ಅಂಗೈಯಲ್ಲಿ ಹಿಡಿದು ಮುಷ್ಟಿ ಮಾಡಿದರೆ ಸಣ್ಣ ಸದ್ದು ಬರಬೇಕು. ಸದ್ದು ಬರದಿದ್ದರೆ ಗಾಳಿಯ ತೇವ ಕುಡಿದಿದೆ ಎಂದರ್ಥ.

ಹೊಲಕ್ಕೆ ಎಂಥ ಮಂಡಕ್ಕಿ ಎಂಬುದು ಗಂಭೀರ ಪ್ರಶ್ನೆ. ಒಗ್ಗರಣೆ ಮಂಡಕ್ಕಿ ಎಂದರೆ ನೀರಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಟೊಮೆಟೊ ಹಾಕಿದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿದ್ದು. ಬಾಣಲೆಯಿಂದ ಇಳಿದ ಕಾಲು ಗಂಟೆಯಲ್ಲಿ ತಿಂದರೆ ಅದು ಸ್ವರ್ಗ. ಒಂದು ಗಂಟೆ ಡಬ್ಬಿಯಲ್ಲಿ ಕೂತರೆ ಮೆತ್ತಗಾಗಿ ಮುದ್ದೆಗಟ್ಟುತ್ತದೆ. ಹೊಲ ಊರಿಗೆ ಹತ್ತಿರವಿದ್ದರೆ ಮಾತ್ರ ಅದು ಸರಿ. ದೂರದ ಹೊಲಕ್ಕೆ ಖಾರ ಮಂಡಕ್ಕಿಯೇ ಸೈ. ಎಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಹುರಿದು, ಕರಿಬೇವು, ಶೇಂಗಾ, ಖಾರದಪುಡಿ, ಉಪ್ಪು ಹಾಕಿ, ಒಣ ಮಂಡಕ್ಕಿಯನ್ನು ಅದರೊಳಗೆ ಮಗುಚಿದ್ದು. ಸಂಜೆಯ ತನಕ ಗರಿಗರಿ. ಅದನ್ನು ಸೊಂಟದ ಮಡಿಲಿಗೆ ಸುರಿದುಕೊಂಡು, ಹಸಿ ಈರುಳ್ಳಿ ಕಡಿಯುತ್ತ, ಸಾಲಿನ ತುದಿಯಲ್ಲಿ ನಿಂತೇ ತಿನ್ನುತ್ತಾರೆ. ಹೊಲದಿಂದ ಕಿತ್ತ ಈರುಳ್ಳಿಯನ್ನು ಕುಡುಗೋಲಿನಿಂದ ಕೊಯ್ಯಬಾರದು, ಮೊಣಕಾಲ ಮೇಲಿಟ್ಟು ಗುದ್ದಿ ಒಡೆಯಬೇಕು. ಒಡೆದ ಈರುಳ್ಳಿಯ ಖಾರ ಕೊಯ್ದದ್ದಕ್ಕಿಂತ ಮೆದು ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೇನೆ, ಯಾಕೆ ಹಾಗೆ ಎಂದು ಕೇಳಲು ಹೋಗಿಲ್ಲ.

ಮಿರ್ಚಿ ಬಂದರೆ ಆ ದಿನದ ತೂಕವೇ ಬೇರೆ. ಉದ್ದನೆಯ ತಿಳಿ ಹಸಿರು ಮೆಣಸಿನಕಾಯಿ ಸೀಳಿ, ಓಮ ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮನೆಯಲ್ಲಿ ಯಾರೂ ಕರಿಯಲು ಹೋಗುವುದಿಲ್ಲ, ರಸ್ತೆ ಬದಿಯ ಹೋಟೆಲಿನಿಂದ ಹಳೆಯ ಪೇಪರಿನಲ್ಲಿ ಕಟ್ಟಿಸಿ ತರುತ್ತಾರೆ. ಹೊಲದವನ ಬೈಕು ಬದುವಿನ ಮೇಲೆ ಕಾಣಿಸುವ ಮೊದಲೇ ಎಣ್ಣೆಯ ವಾಸನೆ ಗಾಳಿಗೆ ಬರುತ್ತದೆ. ಆ ಮಧ್ಯಾಹ್ನ ಸಾಲು ಬೇಗ ಸಾಗುತ್ತದೆ ಎಂಬುದು ಹೊಲದವರ ಅನುಭವ. ಮಿರ್ಚಿ ತರಿಸುವ ಒಡೆಯರಲ್ಲಿ ಕೆಲವರಿಗಾದರೂ ಈ ಲೆಕ್ಕ ಗೊತ್ತಿದೆ. ತಿನ್ನುವವರಿಗೂ ಗೊತ್ತಿದೆ. ಅದರಿಂದ ಮಿರ್ಚಿಯ ರುಚಿ ಕೆಡುವುದಿಲ್ಲ. ಕೊಟ್ಟೂರು, ಉಜ್ಜಯಿನಿ ಎಂದರೆ ದಾಸೋಹದ ನೆಲ. ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಭಕ್ತರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಹಣ್ಣು, ಅನ್ನ ಹಂಚುವವರು ಇದೇ ರೈತರು. ಅಲ್ಲಿ ಕೊಡುವವರು ಏನನ್ನೂ ಕೇಳುವುದಿಲ್ಲ. ಹೊಲದ ಮಿರ್ಚಿ ದಾಸೋಹ ಅಲ್ಲ, ಕೂಲಿಯೂ ಅಲ್ಲ. ಅವೆರಡರ ನಡುವೆ ಎಲ್ಲೋ ಇದೆ, ಆ ನಡುವಿನ ಜಾಗವೇ ನನಗೆ ಹೆಚ್ಚು ಮನುಷ್ಯರದು ಎನ್ನಿಸುತ್ತದೆ.

ಮಧ್ಯಾಹ್ನದ ಊಟದಲ್ಲಿ ಅತಿಥಿ ಯಾರು, ಒಡತಿ ಯಾರು ಎಂಬುದು ಕಲಸಿಹೋಗುತ್ತದೆ. ಗುತ್ತಿಗೆಯವರು ಬುತ್ತಿ ತಮ್ಮದೇ ತರುತ್ತಾರೆ. ಹೊಲದ ಮನೆಯಿಂದ ಬರುವುದು ಮಜ್ಜಿಗೆ, ಒಂದು ಪಲ್ಯ ಅಥವಾ ಸಾರು, ಪುಡಿ, ಉಪ್ಪಿನಕಾಯಿ. ಬುತ್ತಿಯ ಬಟ್ಟೆಗಳು ಬಿಚ್ಚಿಕೊಳ್ಳುವ ಆ ಹೊತ್ತು ನೋಡಬೇಕು. ಒಬ್ಬಳದು ಮುಳಗಾಯಿ ಎಣ್ಣೆಗಾಯಿ, ಇನ್ನೊಬ್ಬಳದು ಪುಂಡಿಪಲ್ಯ, ಮತ್ತೊಬ್ಬಳದು ಬರೀ ಕೆಂಪು ಖಾರ ಮತ್ತು ಎಣ್ಣೆ. ತಾಂಡಾದಿಂದ ಬಂದವಳ ಬಾಟಿ ರೊಟ್ಟಿಗಿಂತ ತುಸು ದಪ್ಪ. ಯಾರೂ ತಮ್ಮದನ್ನು ತಾವೇ ಪೂರ್ತಿ ತಿನ್ನುವುದಿಲ್ಲ. ರೊಟ್ಟಿಯ ತುಂಡಿನ ಮೇಲೆ ಪಲ್ಯ ಇಟ್ಟು ಪಕ್ಕದವಳ ಕೈಗೆ, ಆಕೆಯದು ಈಕೆಯ ಕೈಗೆ. ಹೊಲದ ಒಡತಿ ಒಳ್ಳೆಯವಳಾದರೆ ತಾನೂ ರೊಟ್ಟಿ ಹಿಡಿದು ಸುತ್ತಿನೊಳಗೆ ಕೂರುತ್ತಾಳೆ, ಅವರ ಪುಂಡಿಪಲ್ಯ ಕೇಳಿ ಹಾಕಿಸಿಕೊಳ್ಳುತ್ತಾಳೆ. ಇದಕ್ಕಿಂತ ದೊಡ್ಡ ಸತ್ಕಾರ ನಾನು ಕಂಡಿಲ್ಲ. ಕೊಡುವುದು ಎಲ್ಲರಿಗೂ ಬರುತ್ತದೆ, ಆಳಿನ ಬುತ್ತಿಯಿಂದ ಕೇಳಿ ತಿನ್ನುವುದು ಕೆಲವರಿಗೇ ಬರುತ್ತದೆ.

ಖಡಕ್ ರೊಟ್ಟಿಗೂ ಬಿಸಿರೊಟ್ಟಿಗೂ ನಡುವೆ ಬುತ್ತಿಯ ರೊಟ್ಟಿ ಎಂಬ ಮೂರನೆಯದೊಂದು ಇದೆ. ಬೆಳಿಗ್ಗೆ ಐದಕ್ಕೆ ಬಡಿದದ್ದು, ಬಟ್ಟೆಯಲ್ಲಿ ಸುತ್ತಿದ್ದು, ತನ್ನ ಹಬೆಯನ್ನು ತಾನೇ ಕುಡಿದು ಒಂದು ಗಂಟೆಯ ಹೊತ್ತಿಗೆ ಚರ್ಮದ ಹಾಗೆ ಬಾಗುವಂತಾದದ್ದು. ಅದರ ಮೇಲೆ ಶೇಂಗಾ ಪುಡಿ ಹರವಿ, ನಡುವೆ ಗುಂಡಿ ಮಾಡಿ ಮಜ್ಜಿಗೆಯೋ ಮೊಸರೋ ಹಾಕಿ ಕಲಸಿದಾಗ ಜೋಳದ ಸಣ್ಣ ಹುಳಿ, ಶೇಂಗಾದ ಜಿಡ್ಡು, ಬೆಳ್ಳುಳ್ಳಿಯ ಘಾಟು ಒಂದಾಗುತ್ತವೆ. ಪುಡಿಯನ್ನು ಒರಳಲ್ಲಿ ಕುಟ್ಟಿದ್ದರೆ ಹಲ್ಲಿಗೆ ಶೇಂಗಾದ ನುಚ್ಚು ಸಿಗುತ್ತದೆ. ಮಿಕ್ಸರಿನಲ್ಲಿ ತಿರುಗಿಸಿದ್ದರೆ ಎಣ್ಣೆ ಬಿಟ್ಟು ಅಂಟಂಟು. ಗುತ್ತಿಗೆಯವರು ಮೊದಲ ತುತ್ತಿಗೇ ಪತ್ತೆ ಹಚ್ಚುತ್ತಾರೆ, ಹೇಳುವುದು ಮಾತ್ರ ಆಟೋ ಹತ್ತಿದ ಮೇಲೆ.

ಕಸ ತೆಗೆಯಲು ಬಂದ ಗುಂಪಾದರೆ ಊಟಕ್ಕೆ ಇನ್ನೊಂದು ಸೇರುತ್ತಿತ್ತು. ಕಿತ್ತ ಕಸದಲ್ಲೇ ಅಣ್ಣೆಸೊಪ್ಪು, ಹಡಗಲಿಯ ಎರೆಹೊಲವಾದರೆ ಚಳಿಗಾಲದಲ್ಲಿ ಹಕ್ಕರಿಕೆ. ಹಕ್ಕರಿಕೆಯನ್ನು ತೊಳೆದು ಹಸಿಯಾಗಿಯೇ ರೊಟ್ಟಿಯೊಳಗೆ ಮಡಚಿ ತಿಂದರೆ ಮೂಲಂಗಿಯ ಸೊಪ್ಪಿಗಿಂತ ಎಳೆಯದಾದ ಒಂದು ಕಹಿ. ಈಗ ಕಳೆನಾಶಕ ಹೊಡೆಯುವ ಹೊಲಗಳಲ್ಲಿ ಕಸವೂ ಇಲ್ಲ, ಪಲ್ಯವೂ ಇಲ್ಲ, ಕಸ ತೆಗೆಯುವ ಗುಂಪೂ ಬರುವುದಿಲ್ಲ.

ಕೂಡ್ಲಿಗಿ, ಕೊಟ್ಟೂರಿನ ಕೆಂಪು ಮಸಾರಿ ನೆಲದಲ್ಲಿ ಶೇಂಗಾ ಕೀಳುವ ದಿನಗಳಿಗೆ ಬೇರೆ ಕಟ್ಟಳೆ. ಅಲ್ಲಿ ಹೊಲವೇ ತಿಂಡಿ ಕೊಡುತ್ತದೆ. ಕೀಳುವಾಗ ಎಷ್ಟು ತಿಂದರೂ ಯಾರೂ ಕೇಳಬಾರದು, ಸಂಜೆ ಮಡಿಲಲ್ಲಿ ಒಂದಿಷ್ಟು ಕಟ್ಟಿಕೊಂಡು ಹೋದರೂ ಕೇಳಬಾರದು. ಹಸಿ ಶೇಂಗಾ ಹಾಲಿನಂತೆ ಸಿಹಿ, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಮಧ್ಯಾಹ್ನದ ಮೇಲೆ ಯಾರೋ ಒಣ ಕಸ ಒಟ್ಟಿ, ಬಳ್ಳಿ ಸಮೇತ ಶೇಂಗಾ ಮೇಲೆ ಹಾಕಿ ಬೆಂಕಿ ಇಡುತ್ತಾರೆ. ಸಿಪ್ಪೆ ಕರ್ರಗಾಗಿ ಒಳಗಿನ ಕಾಳು ಅರ್ಧ ಬೆಂದು, ಅರ್ಧ ಹುರಿದು ಇರುತ್ತದೆ. ಬೂದಿಯಲ್ಲಿ ಕೈಯಾಡಿಸಿ ಆರಿಸಿ, ಬೆಲ್ಲದ ಚೂರಿನೊಂದಿಗೆ ತಿನ್ನಬೇಕು. ತುಟಿ, ಬೆರಳು, ಸೆರಗು ಎಲ್ಲ ಮಸಿ. ಹಡಗಲಿಯ ಬಿಳಿಜೋಳದ ಹೊಲದಲ್ಲಿ ಇದರ ಸೋದರ ಸೀತನಿ. ಹಾಲುತುಂಬಿದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಊದಿ, ಬಿಸಿ ಇರುವಾಗಲೇ ಮುಕ್ಕುವುದು. ಆದರೆ ಸೀತನಿ ನೆಂಟರಿಗೆ, ಊರಿನ ಗೆಳೆಯರಿಗೆ ಮಾಡುವ ಹಬ್ಬ. ಕೂಲಿಯವರಿಗಾಗಿಯೇ ಸೀತನಿ ಸುಟ್ಟ ಹೊಲ ಕಡಿಮೆ. ರುಚಿಯಲ್ಲೂ ಈ ಅಂತಸ್ತು ಇದೆ, ಮುಚ್ಚಿಡುವುದರಿಂದ ಏನೂ ಬರುವುದಿಲ್ಲ.

ಅಂತಸ್ತಿನ ಮಾತು ಬಂದ ಮೇಲೆ ಲೋಟದ ಮಾತನ್ನೂ ಆಡಬೇಕು. ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುವುದು, ಚಾಕ್ಕೆ ತೆಂಗಿನ ಚಿಪ್ಪು ಕೊಡುವುದು, ಕೆಲವರ ಲೋಟವನ್ನು ಬೇರೆಯಾಗಿ ಬೇಲಿಗೆ ಸಿಕ್ಕಿಸಿಡುವುದು ನಮ್ಮ ಹಳ್ಳಿಗಳ ಹೊಲಗಳಲ್ಲಿ ನಡೆದದ್ದೇ. ಮಂಡಕ್ಕಿ ಇಷ್ಟು ಜನಪ್ರಿಯವಾದದ್ದರ ಹಿಂದೆ ಈ ಮೈಲಿಗೆಯ ಲೆಕ್ಕವೂ ಇರಬಹುದು ಎಂಬುದು ನನ್ನ ಗುಮಾನಿ. ಒಣ ತಿಂಡಿ, ಸೆರಗಿಗೆ ಸುರಿದರಾಯಿತು, ಪಾತ್ರೆ ಮುಟ್ಟುವ ಪ್ರಸಂಗವಿಲ್ಲ. ಈಗ ಕಾಗದದ ಕಪ್ಪು ಬಂದಿದೆ. ಎಲ್ಲರಿಗೂ ಒಂದೇ ಕಪ್ಪು, ಕುಡಿದು ಎಸೆದರೆ ಮುಗಿಯಿತು. ಕೆಲವು ಮನೆಯವರಿಗೆ ಇದು ಜಾತಿಯನ್ನು ಬಿಡದೆಯೇ ಬಿಟ್ಟಂತೆ ತೋರಿಸುವ ಅನುಕೂಲ. ಕುಡಿಯುವ ಹುಡುಗಿಗೆ ಮಾತ್ರ ಬೇಲಿಯ ಲೋಟಕ್ಕಿಂತ ಅದು ಸಾವಿರ ಪಾಲು ಮೇಲು. ಕಪ್ಪಿನ ವಾಸನೆ ಚಾವನ್ನು ಸ್ವಲ್ಪ ಕೆಡಿಸುತ್ತದೆ ಎಂದು ರಸಿಕನಾಗಿ ಗೊಣಗುವ ಹಕ್ಕನ್ನು ನಾನು ಇಲ್ಲಿ ಬಿಟ್ಟುಕೊಡುತ್ತೇನೆ.

ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಉಪಚಾರದ ಹೊತ್ತೇ ಬೇರೆ. ಹಂಪಿಯ ವಿರೂಪಾಕ್ಷನಿಗೆ ಒಂದು ಕಾಲದಲ್ಲಿ ಇಲ್ಲಿಂದ ಹೊಳೆಯ ಮೇಲೆ ಹೂ ಹೋಗುತ್ತಿತ್ತೆಂಬ ಪ್ರತೀತಿಯ ಊರು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ವಾಸನೆ ಮಲ್ಲಿಗೆಯನ್ನು ಮೊಗ್ಗಿರುವಾಗಲೇ, ಬೆಳಕು ಹರಿಯುವ ಹೊತ್ತಿಗೆ ಬಿಡಿಸಬೇಕು, ಮೊಗ್ಗು ಬಿರಿದರೆ ಬೆಲೆ ಬಿತ್ತು. ಬಿಡಿಸುವವರಿಗೆ ಲೆಕ್ಕ ತೂಕದ ಮೇಲೆ. ಕತ್ತಲಲ್ಲಿ ಬಂದವರಿಗೆ ತೋಟದವರು ಕೊಡುವುದು ಒಂದು ಕಪ್ಪು ಚಾ, ಅಷ್ಟೇ. ಬೆರಳಿಗೆ ಹತ್ತಿದ ಮೊಗ್ಗಿನ ಕಂಪು ಕಪ್ಪಿನ ಅಂಚಿಗೂ ಅಂಟಿರುತ್ತದೆ. ಪೇಟೆಯಲ್ಲಿ ಮಲ್ಲಿಗೆ ಚಾ ಎಂದು ದುಬಾರಿ ಡಬ್ಬಿ ಮಾರುವವರು ಈ ಕಪ್ಪನ್ನು ಒಮ್ಮೆ ಮೂಸಬೇಕು.

ದೂರದಿಂದ ಬರುವ ಗುತ್ತಿಗೆಯವರ ವಿಷಯಕ್ಕೆ ಬಂದರೆ ಈ ಸೀಮೆಯ ಅಡುಗೆಮನೆಗೆ ನಿಜವಾದ ಪರೀಕ್ಷೆ. ಹೊಳೆದಂಡೆಯ ಭತ್ತಕ್ಕೆ ತಮಿಳುನಾಡಿನಿಂದ ಕೊಯ್ಲು ಯಂತ್ರಗಳು ಬರುತ್ತವೆ. ಬೋರು ಕೊರೆಯುವ ಲಾರಿಗಳಲ್ಲಿ ಬಹಳಷ್ಟು ಅದೇ ನಾಡಿನ ತಿರುಚೆಂಗೋಡಿನವು, ಅದರ ಮೇಲಿನ ಹುಡುಗರು ಛತ್ತೀಸ್‌ಗಢ, ಬಿಹಾರ, ಒಡಿಶಾ ಕಡೆಯವರು. ರೊಟ್ಟಿ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅವರಿಗೆ ಅನ್ನ ಬೇಕು, ಬೇಳೆ ಬೇಕು, ಆಲೂಗಡ್ಡೆ ಸಿಕ್ಕರೆ ಹಬ್ಬ. ಭಾಷೆ ಬಾರದ ಮನೆಯವ್ವ "ಏನು ಹಾಕ್ಲಪ್ಪ ನಿಮಗ" ಎಂದು ಕನ್ನಡದಲ್ಲೇ ಕೇಳುತ್ತಾಳೆ, ಅವರು "ಚಾವಲ್, ಮಾಜಿ" ಎನ್ನುತ್ತಾರೆ, ಆಕೆ ನವಣೆ ಅನ್ನ ಬಡಿಸುತ್ತಾಳೆ, ಅವರು ಅದನ್ನೂ ಉಣ್ಣುತ್ತಾರೆ. ಬೋರಿಗೆ ಗುರುತು ಮಾಡಿದ ಪಾಯಿಂಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಸಿಕ್ಕಿಸಿದ ಮೇಲೆ ರಾತ್ರಿಯೆಲ್ಲ ಮಿಷನ್ನಿನ ಆರ್ಭಟ. ಮನೆಯ ಗಂಡಸು ಮಣ್ಣಿನ ಬಣ್ಣ ನೋಡುತ್ತ ನಿಂತಿರುತ್ತಾನೆ, ಹೆಂಗಸು ಗಂಟೆಗೊಮ್ಮೆ ಚಾ ಕಳಿಸುತ್ತಾಳೆ. ನೀರು ಬಿದ್ದರೆ ಪೇಡೆ, ಮಂಡಕ್ಕಿ, ಕೋಳಿಸಾರು. ಬೀಳದೆ ಬರೀ ಬಿಳಿ ಧೂಳು ಹಾರಿ, ಸಾಲದ ರೊಕ್ಕ ನೆಲಕ್ಕೆ ಹೋಯಿತೆಂದು ಗೊತ್ತಾದ ಮೇಲೂ ಬೆಳಗಿನ ಜಾವ ಇನ್ನೊಂದು ಸಲ ಚಾ ಬರುತ್ತದೆ. ಆ ಚಾದಲ್ಲಿ ಸಕ್ಕರೆ ಒಂದು ಚಮಚೆಯೂ ಕಡಿಮೆ ಇರುವುದಿಲ್ಲ. ಈ ಐದು ತಾಲ್ಲೂಕಿನ ಅಡುಗೆಯಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಆರಿಸಬೇಕಾದರೆ ನಾನು ಹೋಳಿಗೆಯನ್ನೂ ಎಣ್ಣೆಗಾಯಿಯನ್ನೂ ಬದಿಗಿಟ್ಟು, ನೀರು ಬೀಳದ ಬೋರಿನ ಪಕ್ಕದಲ್ಲಿ ಕೊಟ್ಟ ಈ ಚಾವನ್ನು ಆರಿಸುತ್ತೇನೆ.

ಕೊಡುವವರಿಗೆ ಈ ಹದ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ದೂರದಲ್ಲಿಲ್ಲ. ಇವರೂ ಗುಳೆ ಹೋಗುವವರೇ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ ಕುಟುಂಬಗಳು ಮಂಡ್ಯಕ್ಕೆ ಕಬ್ಬು ಕಡಿಯಲು, ಚಿಕ್ಕಮಗಳೂರಿಗೆ ಕಾಫಿ ಬಿಡಿಸಲು ಹೋಗುತ್ತವೆ. ಅಲ್ಲಿಂದ ಬಂದವರು ಮೊದಲು ಹೇಳುವುದು ಕೂಲಿಯ ಮೊತ್ತವನ್ನಲ್ಲ. ಯಾವ ಗೌಡರ ಮನೆಯಲ್ಲಿ ಮುದ್ದೆಗೆ ಸೊಪ್ಪಿನ ಸಾರು ಕೊಟ್ಟರು, ಯಾವ ಎಸ್ಟೇಟಿನ ರೈಟರು ಮಳೆಯಲ್ಲಿ ಕಾಫಿ ಕಾಸಿಸಿದ, ಯಾವ ಕಡೆ ಕುಡಿಯುವ ನೀರಿಗೂ ಬಯ್ದರು ಎಂಬುದನ್ನು ಹೇಳುತ್ತಾರೆ. ಹೊರಗೆ ಆಳಾಗಿ ದುಡಿದು ಬಂದವಳು ಊರಲ್ಲಿ ಎರಡೆಕರೆಯ ಒಡತಿಯಾಗಿ ಗುತ್ತಿಗೆ ಕೊಡುವಾಗ ಚಾದ ಪಾತ್ರೆಗೆ ಇನ್ನೊಂದು ಲೋಟ ಹಾಲು ಹೆಚ್ಚಾಗಿಯೇ ಹಾಕುತ್ತಾಳೆ. ಎಲ್ಲರೂ ಹಾಗೆ ಅಲ್ಲ. ಉಪವಾಸ ಕಂಡವರೇ ಕೈ ಬಿಗಿ ಹಿಡಿಯುವುದೂ ಉಂಟು. ಬಿಸ್ಕೀಟಿನ ಪೊಟ್ಟಣ ಹಂಚಿ ಕೈತೊಳೆದುಕೊಳ್ಳುವವರೂ ಈಚೆಗೆ ಹೆಚ್ಚಾಗಿದ್ದಾರೆ. ಪೊಟ್ಟಣದ ಬಗ್ಗೆ ಮೇಸ್ತ್ರಿಗಳ ಅಭಿಪ್ರಾಯ ಅಚ್ಚು ಹಾಕಿಸುವಂಥದ್ದಲ್ಲ.

ಇಷ್ಟು ಹೊತ್ತು ಒಡೆಯರು ಕೊಟ್ಟದ್ದನ್ನೇ ಹೇಳಿದೆ. ಗುತ್ತಿಗೆಗೆ ಬಂದವರೇ ಹೊಲದವರಿಗೆ ಉಣಿಸುವುದೂ ಇದೆ, ಅದು ಕುರಿಯವರ ಸಂಪ್ರದಾಯ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಬಳ್ಳಾರಿ ತಳಿಯ ಕುರಿಗಳ ಹಿಂಡುಗಳು ಊರೂರು ಸುತ್ತುತ್ತವೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಅದಕ್ಕೆ ರಾತ್ರಿಗೆ ಇಷ್ಟು ಎಂದು ರೊಕ್ಕ, ಜೋಳ ಮಾತಾಗುತ್ತದೆ. ಜೊತೆಗೆ ಹೊಲದ ಮನೆಯಿಂದ ರೊಟ್ಟಿ, ಸಾರು, ಖಾರ, ಬೆಲ್ಲ, ಚಾಪುಡಿ. ಹಾಲು ಅವರದೇ. ಹಿಂಡಿನ ಮೇಕೆಗಳ ಹಾಲಿನ ಚಾ ಮೊದಲ ಗುಟುಕಿಗೆ ಮೂಗಿಗೆ ಹೊಡೆಯುತ್ತದೆ, ಮೂರನೆಯದಕ್ಕೆ ನಾಲಿಗೆ ಒಪ್ಪಿಕೊಳ್ಳುತ್ತದೆ. ಹಿಂಡಿನಲ್ಲಿ ಕುರಿ ಈದಿದ್ದರೆ ಗಿಣ್ಣ. ಆಕಳ ಹಾಲಿಗಿಂತ ಕುರಿಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಗಿಣ್ಣ ಬಿಗಿಯಾಗಿ, ಕೊಯ್ದರೆ ತುಂಡಾಗುವಂತೆ ಕೂರುತ್ತದೆ. ಹಸಿಶುಂಠಿ ಇಲ್ಲದಿದ್ದರೆ ಒಣಶುಂಠಿ, ಏಲಕ್ಕಿ ಇದ್ದರೆ ಸರಿ, ಇಲ್ಲದಿದ್ದರೂ ಸರಿ.

ಹಗರಿಬೊಮ್ಮನಹಳ್ಳಿ ಕಡೆಯ ಹೊಲವೊಂದರಲ್ಲಿ ಹಾಗೆ ಗಿಣ್ಣ ಕಾಸಿ, ಹೊಲದ ಗೌಡರನ್ನು ಕುರಿಯವರು ಕಂಬಳಿ ಹಾಸಿ ಕೂರಿಸಿದ್ದರು. ಮೂರು ಊರಿಗೆ ನಾಲಿಗೆಯ ಬಿಗುವಿನಿಂದ ಹೆಸರಾದ ಮನುಷ್ಯ. ಒಂದು ತುಂಡು ಬಾಯಿಗಿಟ್ಟು, ಚಪ್ಪರಿಸಿ, ಸ್ವಲ್ಪ ಹೊತ್ತು ತಡೆದು ತೀರ್ಪು ಕೊಟ್ಟರು: "ಬೆಲ್ಲ ಒಂಚೂರು ಮುಂದಾತು ನೋಡಪ್ಪ. ಬೆಲ್ಲನೂ ಅಷ್ಟೇನು ಚಲೋದಲ್ಲ."

"ನಿಮ್ಮ ಮನಿಯಿಂದ ಕಳಿಸಿದ್ದ ಬೆಲ್ಲನ ರೀ ಗೌಡ್ರ," ಎಂದ ಕುರಿಯಣ್ಣ.

ಗೌಡರು ತಟ್ಟೆಯನ್ನು ಎರಡನೆಯ ಸಲ ಮುಂದೆ ಚಾಚಿದರು.